ಕಲ್ಹೊಲದ ದ್ರಾಕ್ಷಿ

“ಗುರುಗಳೇ, ನನ್ನ ಪ್ರವಚನಕ್ಕೆ ಬರುವವರಲ್ಲಿ ಒಬ್ಬರಿಗೆ ಮಾತ್ರ ಬರಬೇಡಿ ಎಂದರೆ ತಪ್ಪಾಗುತ್ತದೆಯೇ?” ಎಂದು ಶಿಷ್ಯ ಕೇಳಿದ.

ಆ ಒಬ್ಬರು ಯಾರೆಂದು ಗುರುಗಳಿಗೆ ಗೊತ್ತಿತ್ತು. ನೀಲಗಂಗವ್ವ ಎಂಬ ಮುದುಕಿ. ಶಿಷ್ಯ ಎರಡು ಮಾತು ಆಡುವಷ್ಟರಲ್ಲಿ ಮೂಲೆಯಿಂದ “ಅದು ಹ್ಯಾಂಗ್ರೀ ಬುದ್ಧಿ?” ಎಂದು ಕೇಳಿಬಿಡುತ್ತಿದ್ದಳು. ಜನ ನಗುತ್ತಿದ್ದರು, ಶಿಷ್ಯನಿಗೆ ಮಾತಿನ ಎಳೆ ತಪ್ಪುತ್ತಿತ್ತು. ನಿನ್ನೆ ಅವಳು ಬಂದಿರಲಿಲ್ಲ. ಪ್ರವಚನ ಸರಾಗವಾಗಿ ಸಾಗಿತು. ಕೆಲವರು ಗೋಡೆಗೆ ಒರಗಿ ತೂಕಡಿಸಿದ್ದನ್ನು ಮಾತ್ರ ಅವನು ಯಾರಿಗೂ ಹೇಳಲಿಲ್ಲ.

“ವೈನಿನ ಒಂದು ಕತೆ ಕೇಳು,” ಎಂದರು ಗುರುಗಳು. ಮಠದ ಜಗಲಿಯಲ್ಲಿ ವೈನಿನ ಮಾತೇ? ಶಿಷ್ಯ ಹುಬ್ಬೇರಿಸಿದ. “ಕುಡಿ ಎನ್ನಲಿಲ್ಲ, ಕೇಳು ಎಂದೆ,” ಎಂದು ನಕ್ಕು ಗುರುಗಳು ಹೇಳತೊಡಗಿದರು.

ಒಬ್ಬ ರೈತನಿದ್ದ. ಗುಡ್ಡದ ಇಳಿಜಾರಿನಲ್ಲಿ ಅವನದೊಂದು ದ್ರಾಕ್ಷಿ ತೋಟ. ಅಲ್ಲಿ ಮಣ್ಣಿಗಿಂತ ಕಲ್ಲೇ ಹೆಚ್ಚು. ಊರವರು ಅದನ್ನು ಕಲ್ಹೊಲ ಎನ್ನುತ್ತಿದ್ದರು. ಹಗಲು ಸುಡುಬಿಸಿಲು, ರಾತ್ರಿ ಗುಡ್ಡದ ತಂಗಾಳಿ. ಹಣ್ಣು ಸಣ್ಣದು, ಗೊಂಚಲು ಹಗುರ. ಆದರೆ ಒಂದನ್ನು ಬಾಯಿಗಿಟ್ಟರೆ ಸಿಹಿ, ಹುಳಿ, ಒಗರು ಮೂರೂ ಒಟ್ಟಿಗೆ ಏಳುತ್ತಿದ್ದವು. ವೈನ್ ತಯಾರಿಸುವ ವ್ಯಾಪಾರಿ ಬೇರೆಲ್ಲ ತೋಟಗಳ ಹಣ್ಣನ್ನು ಒಂದೇ ತೊಟ್ಟಿಗೆ ಸುರಿಯುತ್ತಿದ್ದ. ಕಲ್ಹೊಲದ ಹಣ್ಣಿಗೆ ಮಾತ್ರ ಬೇರೆಯೇ ಪೀಪಾಯಿ, ಅದರ ಮೇಲೆ ಹೊಲದ ಹೆಸರು. ರೈತನಿಗೆ ಅದೇ ದೊಡ್ಡ ಹೆಮ್ಮೆ. ವರ್ಷಕ್ಕೊಮ್ಮೆ ಹೆಂಡತಿಯನ್ನು ಕರೆದುಕೊಂಡು ಹೋಗಿ ಆ ಹೆಸರನ್ನು ನೋಡಿ ಬರುತ್ತಿದ್ದ.

ಕಲ್ಲೆಂದರೆ ಮಾತ್ರ ಅವನಿಗೆ ಬೇಸರ. ಗುದ್ದಲಿ ಹಾಕಿದರೆ ಕಿಡಿ, ಕಾಲಿಟ್ಟರೆ ಎಡವು. ಪಕ್ಕದ ಹೊಲವೋ ನುಣ್ಣಗೆ. ಒಂದು ದಿನ ಅವನಿಗೆ ಅನ್ನಿಸಿತು: ಕಲ್ಲಿದ್ದೇ ಇಷ್ಟು ರುಚಿ, ಕಲ್ಲು ತೆಗೆದರೆ ಇನ್ನೆಷ್ಟಿರಬೇಡ! ಬೇಸಿಗೆಯುದ್ದಕ್ಕೂ ಕಲ್ಲು ಆರಿಸಿದ. ಬುಟ್ಟಿ ಬುಟ್ಟಿ ಹೊತ್ತು ತೋಟದ ಕೆಳಬದಿಗೆ ರಾಶಿ ಹಾಕಿದ.

ಕಲ್ಲಿನ ಮರೆ ಹೋದ ಮಣ್ಣು ಬಿಸಿಲಿಗೆ ಬಿರಿಯಿತು. ರೈತ ನೀರು ಹೆಚ್ಚಿಸಿದ. ಮೇಲೆಯೇ ನೀರು ಸಿಕ್ಕಮೇಲೆ ಬೇರು ಆಳಕ್ಕೆ ಯಾಕೆ ಇಳಿದೀತು? ಬಳ್ಳಿ ಸೊಂಪಾಗಿ ಹಬ್ಬಿತು, ಹಣ್ಣು ಗುಂಡಗೆ ಉಬ್ಬಿತು. ರೈತ ಕುಣಿದಾಡಿದ.

ಸುಗ್ಗಿಗೆ ವ್ಯಾಪಾರಿ ಬಂದ. ಒಂದು ಹಣ್ಣು ಬಾಯಿಗಿಟ್ಟ, ಇನ್ನೊಂದು ಇಟ್ಟ. “ನೀರು ಚಲೋ ಐತಿ,” ಎಂದ. “ಈ ಸಲ ಇದು ತೊಟ್ಟಿಗೇ ಹೋಗ್ಲಿ. ಮುಂದಿನ ವರ್ಷಾನೂ ಹಿಂಗ ಆದ್ರ ಪೀಪಾಯಿ ಮ್ಯಾಲಿನ ಹೆಸರು ಅಳಸಬೇಕಾಗ್ತದ ನೋಡು.”

ಜನ ಕಾಲ ಮೇಲೆ ಕಲ್ಲು ಹಾಕಿಕೊಂಡು ಪೆಟ್ಟು ತಿನ್ನುತ್ತಾರೆ. ಈ ರೈತ ಕಲ್ಲು ತೆಗೆದು ಪೆಟ್ಟು ತಿಂದಿದ್ದ. ತೋಟದ ಕೆಳಗೆ ಹೋಗಿ ಕಲ್ಲಿನ ರಾಶಿಯ ಬಳಿ ಕುಳಿತ. ರಾಶಿಯ ಅಂಚಿಗೆ ಬುಡವೆಲ್ಲ ಕಲ್ಲು ಮುಚ್ಚಿದ್ದ ಒಂದು ಬಳ್ಳಿ, ಅದರಲ್ಲೊಂದು ಪುಟ್ಟ ಗೊಂಚಲು. ಸುಮ್ಮನೆ ಒಂದು ಹಣ್ಣು ಬಾಯಿಗಿಟ್ಟ. ಸಿಹಿ, ಹುಳಿ, ಒಗರು ಮೂರೂ ಎದ್ದವು! ರೈತ ಬಳ್ಳಿಯನ್ನು ನೋಡಿದ, ರಾಶಿಯನ್ನು ನೋಡಿದ, ಹೊಟ್ಟೆ ಹಿಡಿದುಕೊಂಡು ನಕ್ಕ.

ಮರುದಿನ ಬುಟ್ಟಿ ಮತ್ತೆ ತಲೆಗೇರಿತು. ಹೆಂಡತಿ ಬಿಡುತ್ತಾಳೆಯೇ? “ಹೊರಗ ಹಾಕುವಾಗ ಬೈಕೋತ ಹೊತ್ರಿ, ಒಳಗ ತರುವಾಗ ಹಾಡ್ತೀರಲ್ರೀ!” ಎಂದು ಕಾಡಿದಳು.

“ಅವಾಗ ಕಲ್ಲು ಹೊತ್ತಿದ್ದೆ, ಈಗ ಹಣ್ಣು ಹೊರಾಕತ್ತೀನಿ,” ಎಂದ ರೈತ. ಅವಳೂ ಸೆರಗು ಸಿಕ್ಕಿಸಿ ಬುಟ್ಟಿ ಹಿಡಿದಳು.

ನೀರನ್ನೂ ಮೊದಲಿನಷ್ಟಕ್ಕೇ ಇಳಿಸಿದರು. ಮುಂದಿನ ಸುಗ್ಗಿಗೆ ಹಣ್ಣು ಮತ್ತೆ ಸಣ್ಣದಾಯಿತು. ಪೀಪಾಯಿಯ ಮೇಲೆ ಕಲ್ಹೊಲದ ಹೆಸರು ಉಳಿಯಿತು. ಹಣ್ಣು ಸಣ್ಣದಾಯಿತೆಂದು ಊರಿಗೆಲ್ಲ ಪೇಡೆ ಹಂಚಿದವನು ಅವನೊಬ್ಬನೇ.

ಶಿಷ್ಯ ಮನಸಾರೆ ನಕ್ಕ. ಆ ನಗು ಮುಗಿಯುವ ಮೊದಲೇ ಗುರುಗಳು ಕೇಳಿದರು:

“ನೀಲಗಂಗವ್ವನಿಗೆ ಮೊನ್ನೆಯೇ ಬರಬೇಡ ಎಂದಿದ್ದೀಯಂತೆ; ಅವಳನ್ನು ಕರೆತರಲು ಬುಟ್ಟಿ ಹಿಡಿದು ನೀನು ಹೋಗುತ್ತೀಯೋ, ನಾನು ಹೋಗಲೋ?”