ಬೆಟ್ಟ ಕಂಡ ಚಪ್ಪಲಿ

"ಗುರುಗಳೇ, ದೂರ ನಡೆಯುವವನು ಬೀಗದ ಕೈಯನ್ನು ಮೈಮೇಲೆ ಎಲ್ಲಿ ಕಟ್ಟಿಕೊಳ್ಳಬೇಕು?" ಎಂದು ಶಿಷ್ಯನು ಕೇಳಿದನು.

ಗುರು ತಲೆಯೆತ್ತಿ ನೋಡಿದರು. ಶಿಷ್ಯನು ಮಠದ ಉಗ್ರಾಣವನ್ನು ಬಹುಕಾಲದಿಂದ ನೋಡಿಕೊಂಡು ಬಂದವನು, ಅದರ ಬೀಗದ ಕೈ ಅವನ ಬಳಿಯೇ ಇರುತ್ತಿತ್ತು. ಶ್ರೀಶೈಲಕ್ಕೆ ಕಾಲುನಡಿಗೆಯಲ್ಲಿ ಹೋಗುವ ತಂಡವು ಮರುದಿನ ಬೆಳಿಗ್ಗೆ ಹೊರಡಲಿತ್ತು. ಅವನೂ ಅದರೊಡನೆ ಹೊರಟಿದ್ದನು. ಅವನ ಗಂಟು ಚಿಕ್ಕದಾಗಿ, ಬಿಗಿಯಾಗಿ ಸಿದ್ಧವಾಗಿತ್ತು. ಅದರಲ್ಲಿ ದೋಷ ಹುಡುಕುವಂತಿರಲಿಲ್ಲ.

"ಸೊಂಟಕ್ಕೆ ಕಟ್ಟಿ ನೋಡಿದೆ, ಹೆಜ್ಜೆ ಹೆಜ್ಜೆಗೂ ತೊಡೆಗೆ ಬಡಿಯುತ್ತದೆ. ಕೊರಳಿಗೆ ಹಾಕಿಕೊಂಡರೆ ಬೆವರಿಗೆ ಚರ್ಮ ಸುಲಿಯುತ್ತದೆ. ಗಂಟಿನಲ್ಲಿಟ್ಟರೆ ಮಲಗಿದಾಗ ಕಳ್ಳರ ಭಯ" ಎಂದನು ಶಿಷ್ಯ.

"ಇಲ್ಲಿಯವರ ಊಟ?"

"ನಾನು ಬರುವವರೆಗೆ ಬೇಕಾಗುವ ಅಕ್ಕಿ, ಬೇಳೆಗಳನ್ನು ಅಳೆದು ಹೊರಗಿಟ್ಟಿದ್ದೇನೆ. ಅತಿಥಿಗಳು ಹೆಚ್ಚಾಗಿ ಬಾರದಿರಲೆಂದು ಪ್ರಾರ್ಥನೆಯನ್ನೂ ಮಾಡಿದ್ದೇನೆ."

ಗುರು ನಗಲಿಲ್ಲ. "ಕುಳಿತುಕೋ" ಎಂದು ಹೇಳಿ ಕತೆಯನ್ನು ಆರಂಭಿಸಿದರು.

ಒಬ್ಬ ಒಕ್ಕಲುಗಿತ್ತಿ ಇದ್ದಳು. ಮಗ ತೊಟ್ಟಿಲಲ್ಲಿ ಜ್ವರದಿಂದ ಮಲಗಿದ್ದಾಗ, ನಡೆದುಕೊಂಡೇ ಶ್ರೀಶೈಲಕ್ಕೆ ಬರುತ್ತೇನೆಂದು ಅವಳು ಹರಕೆ ಹೊತ್ತಳು. ಮಗ ಎದ್ದು ಕುಳಿತನು, ಬೆಳೆದನು, ಮೀಸೆ ಬಂದಿತು, ಹೆಂಡತಿಯೂ ಬಂದಳು. ಹರಕೆ ಮಾತ್ರ ತೊಟ್ಟಿಲಲ್ಲೇ ಉಳಿಯಿತು.

ಅವಳು ಸೋಮಾರಿಯಾಗಿರಲಿಲ್ಲ. ನಡಿಗೆಗೆ ಏನು ಬೇಕೆಂಬುದನ್ನು ಅವಳಷ್ಟು ಚೆನ್ನಾಗಿ ಬಲ್ಲವರು ಆ ಊರಿನಲ್ಲಿ ಇರಲಿಲ್ಲ. ನಡಿಗೆಗೆಂದೇ ಇಟ್ಟ ಚಪ್ಪಲಿಯನ್ನು ಪ್ರತಿ ಚಳಿಗಾಲದಲ್ಲಿ ಹೊಲಿಗೆ ಹಾಕಿಸಿ, ಹರಳೆಣ್ಣೆ ಕುಡಿಸಿ, ಹೊಲಕ್ಕೂ ಸಂತೆಗೂ ಮೆಟ್ಟಿ ಹದ ಮಾಡುತ್ತಿದ್ದಳು. ಗಂಟು ಹೊತ್ತು ನಡೆಯುವ ಅಭ್ಯಾಸವಾಗಲೆಂದು ನೆರೆಯೂರಿನ ಸಂತೆಯಿಂದ ಜೋಳವನ್ನು ತಲೆಯ ಮೇಲೆಯೇ ತರುತ್ತಿದ್ದಳು. ರೊಟ್ಟಿಗಳನ್ನು ಹಪ್ಪಳದಂತೆ ಒಣಗಿಸುತ್ತಿದ್ದಳು. ಶೇಂಗಾ ಹಿಂಡಿ, ಬಿಸಿಲಿಗೆಂದು ಈರುಳ್ಳಿ, ಹಾಸಲು ಒಂದು ಕಂಬಳಿ. ಹೆಚ್ಚಿನದೇನನ್ನೂ ಕಟ್ಟುತ್ತಿರಲಿಲ್ಲ.

ಆದರೆ ಅವಳ ಮನೆಯಲ್ಲಿ ಒಂದು ಎಮ್ಮೆ ಇತ್ತು. ಇದ್ದಿಲಿನಷ್ಟು ಕಪ್ಪಗಿದ್ದ ಆ ಎಮ್ಮೆಯ ಹೆಸರು ಮಲ್ಲಿಗೆ. ಅದು ಅವಳ ಕೈಗಲ್ಲದೆ ಇನ್ನಾರ ಕೈಗೂ ಹಾಲು ಕೊಡುತ್ತಿರಲಿಲ್ಲ.

ಪ್ರತಿವರ್ಷ ಯುಗಾದಿಯ ಮುಂಚೆ ತಂಡವು ಗಂಟೆ ಬಾರಿಸುತ್ತ ಬರುತ್ತಿತ್ತು. ಅವಳು ಗಂಟು ಹೊತ್ತು ಊರ ಹೆಬ್ಬಾಗಿಲಾದ ಅಗಸಿಯವರೆಗೆ ಹೋಗುತ್ತಿದ್ದಳು. ಅಷ್ಟರಲ್ಲಿ ಎಮ್ಮೆಯ ಕೂಗು ಕೇಳುತ್ತಿತ್ತು. ಹಿಂದೆಯೇ ಮಗ, ಚೆಲ್ಲಿದ ಹಾಲಿನ ಚರಿಗೆಯನ್ನು ಹಿಡಿದುಕೊಂಡು ಓಡಿ ಬರುತ್ತಿದ್ದನು. ಅಲ್ಲಿನ ಕಟ್ಟೆಯ ಮೇಲಿನ ಹೆಂಗಸರು, "ಎಂಥ ಕೈಗುಣ! ಮೂಕಪ್ರಾಣಿಗೂ ಅವಳೇ ಬೇಕು" ಎನ್ನುತ್ತಿದ್ದರು. ಅವಳು ನಿಟ್ಟುಸಿರು ಬಿಟ್ಟು ಹಿಂದಿರುಗುತ್ತಿದ್ದಳು. ಅಗಸಿಗೆ ಹೋಗುವಾಗ ಇದ್ದದ್ದಕ್ಕಿಂತ ಹಿಂದಿರುಗುವಾಗ ಅವಳ ಹೆಜ್ಜೆ ಹಗುರವಾಗಿರುತ್ತಿತ್ತು.

ರೊಟ್ಟಿಯ ಗಂಟನ್ನೂ ಚಪ್ಪಲಿಯನ್ನೂ ನೆರೆಮನೆಯ ಮುದುಕಿಗೆ ಕೊಟ್ಟುಬಿಡುತ್ತಿದ್ದಳು. ಮುದುಕಿ ಯಾವ ವರ್ಷವೂ ತಪ್ಪಿಸದೆ ಬೆಟ್ಟಕ್ಕೆ ಹೋಗಿ, ಬಂದು, ಚಪ್ಪಲಿಯನ್ನು ಧೂಳು ಒರೆಸಿ ಹಿಂದಿರುಗಿಸುತ್ತಿದ್ದಳು. ಹೀಗೆ ಒಕ್ಕಲುಗಿತ್ತಿಯ ಚಪ್ಪಲಿ ಬೆಟ್ಟ ಕಂಡಿತು, ಅವಳು ಕಾಣಲಿಲ್ಲ.

ಒಂದು ವರ್ಷ ಅವಳ ಮೊಣಕಾಲು, ಏಳುವಾಗ ಕಟಕ್ಕೆಂದಿತು. ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲವೆಂದು ಅವಳಿಗೆ ತಿಳಿಯಿತು. ಅಂದೇ ಸೊಸೆಯನ್ನು ಕರೆದು, "ಎಮ್ಮೆಯ ಹಾಲು ಕರೆಯುವುದನ್ನು ಕಲಿ" ಎಂದಳು.

ಸೊಸೆ ಕಲಿತಳು. ಅತ್ತೆ ಕೂರುವ ಕಡೆಯಲ್ಲಿಯೇ ಕುಳಿತಳು, ಅತ್ತೆಯಂತೆಯೇ ಕೈ ಒದ್ದೆ ಮಾಡಿಕೊಂಡಳು, ಅತ್ತೆಯ ರಾಗವನ್ನೇ ಗುನುಗಿದಳು. ಎಮ್ಮೆ ಚರಿಗೆಯನ್ನು ಒದೆಯಿತು. ಅತ್ತೆಯ ಸೀರೆಯ ವಾಸನೆಗೆ ಒಗ್ಗೀತೆಂದು ಯಾರೋ ಹೇಳಿದರು. ಸೊಸೆ ಅತ್ತೆಯ ಹಳೆಯ ಸೀರೆಯನ್ನು ಉಟ್ಟು ಕುಳಿತಳು. ಒದೆತವೇ ಬಿದ್ದಿತು. ಮರುದಿನ ಮಗನು, "ಹೆದರುವ ಕೈಗೆ ಅದು ಕೊಡುವುದಿಲ್ಲ" ಎಂದು ತಾನೇ ಆ ಸೀರೆಯನ್ನುಟ್ಟು, ಸೆರಗು ಹೊದ್ದು ಕುಳಿತನು. ಎಮ್ಮೆ ಹಿಂದಕ್ಕೆ ತಿರುಗಿ ಮೀಸೆಯನ್ನು ಒಂದು ಗಳಿಗೆ ನೋಡಿತು. ಆಮೇಲೆ ಅವನನ್ನು ಸಗಣಿಯ ಬುಟ್ಟಿಗೆ ಕಳುಹಿಸಿತು. ಸೊಸೆ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಒಕ್ಕಲುಗಿತ್ತಿಯೂ ನಕ್ಕಳು. ಆದರೆ ಅವಳ ಬೆರಳುಗಳು ಸೆರಗಿನ ತುದಿಯ ಒಂದು ಗಂಟನ್ನು ಹಿಡಿದುಕೊಂಡಿದ್ದವು.

ಆ ಗಂಟಿನಲ್ಲಿ ಬೆಲ್ಲವಿತ್ತು. ಮಲ್ಲಿಗೆ ಕರುವಾಗಿದ್ದ ದಿನದಿಂದ, ಅದರ ಮುಖ ಒರೆಸುವ ನೆಪದಲ್ಲಿ, ಅವಳು ಒಂದು ಚೂರು ಬೆಲ್ಲವನ್ನು ಅದರ ಬಾಯಿಗೆ ಇಡುತ್ತಿದ್ದಳು. ಇದನ್ನು ಯಾರೂ ಕಂಡಿರಲಿಲ್ಲ. ಸೊಸೆಗೆ ಅವಳು ಎಲ್ಲವನ್ನೂ ಕಲಿಸಿದ್ದಳು, ಇದೊಂದನ್ನು ಬಿಟ್ಟು. ಹೇಳಬೇಕೆಂದು ಬಾಯಿ ತೆರೆದಾಗಲೆಲ್ಲ ಕಟ್ಟೆಯ ಹೆಂಗಸರ ಮಾತು ನೆನಪಾಗುತ್ತಿತ್ತು. ನಾಳೆ ಹೇಳಿದರಾಯಿತು ಎಂದುಕೊಳ್ಳುತ್ತಿದ್ದಳು.

ಹೊರಡುವ ದಿನ ಬಂದಿತು. ಬೀದಿಯ ಕೊನೆಯಲ್ಲಿ ಗಂಟೆ ಕೇಳಿಸಿತು. ಅವಳು ಚಪ್ಪಲಿ ಮೆಟ್ಟಿ, ಗಂಟು ಹೊತ್ತು, ಕೊಟ್ಟಿಗೆಯ ಬಾಗಿಲಲ್ಲಿ ನಿಂತಳು. ಸೊಸೆ ಎಮ್ಮೆಯ ಪಕ್ಕೆಗೆ ಹಣೆಯಿಟ್ಟು ಕುಳಿತಿದ್ದಳು. ಚರಿಗೆ ಬರಿದಾಗಿತ್ತು. ಮಲ್ಲಿಗೆ ಅತ್ತೆಯನ್ನು ಕಂಡು, ಅಗಸಿಯವರೆಗೆ ಕೇಳುವಂತೆ ಕೂಗಿತು.

ನೆರೆಮನೆಯ ಮುದುಕಿ ಬರಿಗಾಲಲ್ಲಿ ಬಂದು ಕೈ ಚಾಚಿದಳು. "ತಿಳಿಯಿತು ಬಿಡು, ತಂಗಿ. ಚಪ್ಪಲಿ ಕಳಚು. ತಂಡ ಮುಂದೆ ಹೋಗುತ್ತಿದೆ. ನಿನ್ನ ಚಪ್ಪಲಿಗೆ ದಾರಿ ಬಾಯಿಪಾಠವಾಗಿದೆ. ನೀನು ಅದರ ಮೇಲೆ ಸುಮ್ಮನೆ ನಿಂತಿದ್ದರೂ ಕರೆದುಕೊಂಡು ಹೋಗುತ್ತಿತ್ತು."

ಅವಳು ತಲೆಯ ಮೇಲಿನ ಗಂಟನ್ನು ಒಂದು ಕೈಯಿಂದ ಹಿಡಿದು ಚಪ್ಪಲಿ ಕಳಚಲು ಬಗ್ಗಿದಳು. ಮೊಣಕಾಲು ಕಟಕ್ಕೆಂದಿತು.

ಸೊಸೆ ತಲೆಯೆತ್ತದೆಯೇ ಹೇಳಿದಳು: "ಅತ್ತೆ, ನನ್ನ ಕೈಯೇ ಸರಿಯಿಲ್ಲ. ನನ್ನಿಂದಾಗಿ ನಿಮ್ಮ ಹರಕೆ ತೀರದೆ ಉಳಿಯಿತು."

ಬಗ್ಗಿದವಳು ಹಾಗೆಯೇ ನಿಂತಳು. ಗಂಟೆಯ ಸದ್ದು ಮನೆಯ ಮುಂದೆ ಬಂದಿತು, ದಾಟಿತು, ಸಣ್ಣದಾಗತೊಡಗಿತು. ಅವಳು ನೆಟ್ಟಗಾಗಿ, ಸೆರಗಿನ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿ, ಒಳಗಿದ್ದುದನ್ನು ಸೊಸೆಯ ಅಂಗೈಗೆ ಸುರಿದಳು.

"ಮುಖ ಒರೆಸುವಾಗ ಒಂದು ಚೂರು ಬಾಯಿಗಿಡು. ಯಾರಿಗೂ..." ಎಂದವಳು ಉಳಿದ ಮಾತನ್ನು ನುಂಗಿದಳು.

ಸೊಸೆ ಬೆಲ್ಲವನ್ನು ನೋಡಿದಳು, ಅತ್ತೆಯನ್ನು ನೋಡಿದಳು. "ಇಷ್ಟೇನಾ?"

"ಇಷ್ಟೇ."

ಎಮ್ಮೆ ಬೆಲ್ಲವನ್ನು ಚಪ್ಪರಿಸಿತು. ಚರಿಗೆಯಲ್ಲಿ ಹಾಲು ಸೊರ್ರೆಂದಿತು. ಮಲ್ಲಿಗೆ ಒಮ್ಮೆಯಾದರೂ ತನ್ನ ಕಡೆ ತಿರುಗಿ ನೋಡೀತೆಂದು ಒಕ್ಕಲುಗಿತ್ತಿ ಕಾದಳು. ಅದು ಕಣ್ಣು ಅರೆಮುಚ್ಚಿ ಸೊಸೆಯ ಕೈ ನೆಕ್ಕುತ್ತಿತ್ತು.

ಮುದುಕಿ ಕೊಟ್ಟಿಗೆಯ ಕಂಬವನ್ನು ಹಿಡಿದುಕೊಂಡು ನಗತೊಡಗಿದಳು. "ಅಯ್ಯೋ ತಂಗಿ! ನಿನ್ನ ಕೈಗುಣಕ್ಕೆ ಇರುವೆ ಮುತ್ತದೆ ಇದ್ದದ್ದು ದೊಡ್ಡದು!"

ಒಕ್ಕಲುಗಿತ್ತಿಯ ಮುಖ ಕೆಂಪಾಯಿತು. ಎಮ್ಮೆಯ ಮೇಲೆ ಸಿಟ್ಟು ಬಂದಿತು, ಮುದುಕಿಯ ಮೇಲೆಯೂ ಬಂದಿತು. ಆಮೇಲೆ ಅವಳಿಗೂ ನಗು ತಡೆಯಲಾಗಲಿಲ್ಲ. ನಗುವಿನ ಭರಕ್ಕೆ ತಲೆಯ ಮೇಲಿನ ಗಂಟು ಜಾರಿತು. ಅದನ್ನು ಸರಿಪಡಿಸಿಕೊಂಡು ಬಾಗಿಲಿನ ಕಡೆ ತಿರುಗಿದಳು.

"ನಿಲ್ಲು, ನಿಲ್ಲು. ಹಾಗಾದರೆ ನನ್ನ ಕಾಲಿಗೆ?" ಎಂದು ಮುದುಕಿ ಕೇಳಿದಳು.

ಸೊಸೆ ಕುಳಿತಲ್ಲಿಂದಲೇ ತನ್ನ ಚಪ್ಪಲಿಯನ್ನು ಕಾಲಿನಿಂದ ಮುಂದಕ್ಕೆ ತಳ್ಳಿದಳು. "ಇವನ್ನು ಮೆಟ್ಟಿಕೊಳ್ಳಿ, ಅಜ್ಜಿ. ಇವಕ್ಕೆ ದಾರಿ ತಿಳಿಯದು, ನೀವೇ ಹೇಳಿಕೊಡಿ."

ಇಬ್ಬರೂ ಗಂಟೆಯ ಸದ್ದಿನ ಹಿಂದೆ ಓಡಿದರು. ಅಗಸಿಯ ಕಟ್ಟೆಯ ಮೇಲಿದ್ದ ಹೆಂಗಸರು ಎಮ್ಮೆಯ ಕೂಗಿಗಾಗಿ ಕಿವಿಗೊಟ್ಟರು. ಕೂಗು ಕೇಳಲಿಲ್ಲ. ಒಕ್ಕಲುಗಿತ್ತಿ ಅವರನ್ನು ದಾಟಿ ಹೋದಳು. ಅವರ ಕಡೆ ನೋಡಲು ಅವಳಿಗೆ ಬಿಡುವಿರಲಿಲ್ಲ.

ಗುರು ಅಲ್ಲಿಗೆ ನಿಲ್ಲಿಸಿದರು.

ಶಿಷ್ಯನು, "ಗುರುಗಳೇ, ಅವಳು ಬೆಟ್ಟ ಮುಟ್ಟಿದಳೇ?" ಎಂದು ಕೇಳಿದನು.

"ಮುಟ್ಟದೆ ಏನು? ಚಪ್ಪಲಿಗೆ ದಾರಿ ತಿಳಿದಿತ್ತು."

ಶಿಷ್ಯನು ನಕ್ಕನು. ನಗುತ್ತಲೇ, ಸೊಂಟದ ಬೀಗದ ಕೈ ತೊಡೆಗೆ ಒತ್ತದಂತೆ ಅದನ್ನು ಮತ್ತೊಂದು ಮಗ್ಗುಲಿಗೆ ಸರಿಸಿಕೊಂಡನು. ಸರಿಸುತ್ತಿದ್ದ ಕೈ ನಡುವೆಯೇ ನಿಂತಿತು, ನಗುವೂ ನಿಂತಿತು.

ಗುರು ಅಡುಗೆಮನೆಯ ಬಾಗಿಲ ಪಕ್ಕದ ಗೋಡೆಯಲ್ಲಿ ಎಲ್ಲರ ಕೈಗೂ ಎಟುಕುವಂತಿದ್ದ ಗೂಟವನ್ನು ತೋರಿಸಿ ಹೇಳಿದರು: "ನಿನ್ನ ಎಮ್ಮೆಯನ್ನು ಅಲ್ಲಿ ಕಟ್ಟಿ ಹೋಗು."