ತಮಟೆ ನಿಂತ ಬಂಡೆ

ಬಾರೆಕುಂಟೆಯ ಪೂರ್ವಕ್ಕೆ, ಈಚಲು ವನದ ನಡುವೆ, ಮೂರು ಎಕರೆ ಅಗಲದ ಕರಿಬಂಡೆಯೊಂದಿದೆ. ಮಾಘದ ಒಂದು ಶನಿವಾರ, ಭಾನುವಾರ ಅಲ್ಲಿ ಹೆಂಡದ ಹಬ್ಬ. ಸುತ್ತಲಿನ ಹದಿನಾಲ್ಕು ಹಳ್ಳಿಗಳ ಈಡಿಗರು ತಾವು ಈಚಲು ಮರದಿಂದ ಇಳಿಸಿದ್ದನ್ನು ಗಡಿಗೆಗಳಲ್ಲಿ ತಂದು ಸಾಲಾಗಿ ಇಡುತ್ತಾರೆ. ತಮಟೆ, ಉರುಮೆ ಎರಡು ದಿನ ಮೊಳಗುತ್ತವೆ. ಹೆಸರಿಗೆ ಹೆಂಡದ ಹಬ್ಬ, ಹೆಂಡ ಇಳಿಸಬಾರದೆಂಬ ಕಾನೂನು ಬಂದ ಮೇಲೆ ಗಡಿಗೆಯಲ್ಲಿರುವುದು ಬರೀ ಹುಳಿಯದ ಸಿಹಿ ನೀರಾ. ದಾರಿಬದಿಯ ಹಲಗೆಯಲ್ಲಿ ಯಾರೋ 'ಸಂಗೀತದ ಬಂಡೆ' ಎಂದು ಬರೆಸಿದ್ದಾರೆ. ಅದು ಸುಳ್ಳು. ಊರಿನವರಿಗೆ ಇದು ತಮಟೆ ನಿಂತ ಬಂಡೆ. ಆ ಹೆಸರು ರಕ್ತದಿಂದ ಬಂದದ್ದು.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರನೊಬ್ಬ ಆಳುತ್ತಿದ್ದಾಗ, ಈಚಲು ವನವೆಲ್ಲ ಕೋಟೆಗೆ ಸೇರಿದ್ದು ಎಂದು ಡಂಗುರ ಹೊಡೆಸಿದನಂತೆ. ನೆಟ್ಟವನು ಅವನಲ್ಲ, ಹತ್ತಿದವನೂ ಅವನಲ್ಲ. ಈಡಿಗರು ಒಪ್ಪಲಿಲ್ಲ. ವನಕ್ಕೆ ನುಗ್ಗಿದ ಸೈನಿಕರು ಮರದ ಮೇಲಿದ್ದವರ ಕತ್ತಿಗೆ ಹೆದರಿ ಎರಡು ಸಲ ಹಿಂದಕ್ಕೆ ಓಡಿದರು. ಆಗ ಅವರ ದಳವಾಯಿ ಹಬ್ಬಕ್ಕಾಗಿ ಕಾದ. ಹಬ್ಬದಲ್ಲಿ ಒಂದು ಕಟ್ಟಳೆಯಿತ್ತು. ಕುಡಿದ ಮತ್ತಿನಲ್ಲಿ ಹಿಂದೊಮ್ಮೆ ಅಣ್ಣತಮ್ಮಂದಿರೇ ಕಡಿದಾಡಿ ಸತ್ತಿದ್ದರಿಂದ, ಎಲ್ಲರೂ ಕತ್ತಿಗಳನ್ನು ಬಂಡೆಯ ಬುಡದಲ್ಲಿ ರಾಶಿ ಹಾಕಿ ಮೇಲೆ ಹತ್ತಬೇಕು. ತಮಟೆ ಮೊಳಗುತ್ತಿರುವವರೆಗೆ ಯಾರೂ ಕತ್ತಿ ಮುಟ್ಟಬಾರದು. ಮುಟ್ಟಿದವನ ಮರಗಳೆಲ್ಲ ಒಣಗುತ್ತವೆ ಎಂದು ವನದಮ್ಮನ ಮೇಲೆ ಆಣೆ ಇಟ್ಟಿದ್ದರು. ದಳವಾಯಿಗೆ ಇದು ಗೊತ್ತಿತ್ತು.

ಆ ವರ್ಷ ತಮಟೆ ಬಾರಿಸುತ್ತಿದ್ದವನು ಕದುರ ಒಬ್ಬನೇ. ಭಾನುವಾರ ನಡುಮಧ್ಯಾಹ್ನ ನಲವತ್ತು ಸೈನಿಕರು ಬಂಡೆ ಹತ್ತಿ ಬಂದಾಗ ಅವನ ಕೈ ತಾನಾಗಿ ನಿಧಾನವಾಯಿತು. ಅಷ್ಟರಲ್ಲಿ ದಳವಾಯಿಯ ಕತ್ತಿಯ ಮೊನೆ ಅವನ ಗಂಟಲಿಗೆ ತಾಗಿತ್ತು.

"ನಿಲ್ಲಿಸಬೇಡವೋ. ನಿಲ್ಲಿಸಿದರೆ ತಲೆ ಇರಲ್ಲ. ಜೋರಾಗಿ ಬಾರಿಸು."

ಕದುರ ಬಾರಿಸಿದ. ಮನೆಯಲ್ಲಿ ಹೆಂಡತಿಗೆ ದಿನ ತುಂಬಿತ್ತು. ಅವನಿಗೆ ಬದುಕಬೇಕಿತ್ತು, ಅದರಲ್ಲಿ ತಪ್ಪೇನೂ ಇರಲಿಲ್ಲ. ಅವನ ಕಣ್ಣೆದುರಿಗೇ ಸೈನಿಕರು ಗಡಿಗೆಗಳನ್ನು ಒದ್ದು ಒಡೆದರು. ಮೊದಲನೆಯ ಈಡಿಗನನ್ನು ಎಳೆದು ತಂದು, ವನ ಯಾರದು ಎಂದು ಕೇಳಿದರು. ನಮ್ಮದು ಎಂದ. ಅವನ ಬಲಗೈ ಹೆಬ್ಬೆರಳು ಬಂಡೆಯ ಮೇಲೆ ಉರುಳಿತು. ಹೆಬ್ಬೆರಳು ಹೋದವನು ಮತ್ತೆ ಈಚಲು ಕೆತ್ತಲಾರ. ಎರಡನೆಯವನೂ ನಮ್ಮದು ಎಂದ. ಎರಡನೆಯ ಬೆರಳು ಬಿತ್ತು. ನೂರು ಜನ ಬರಿಗೈಯಲ್ಲಿ ನಿಂತು ನೋಡುತ್ತಿದ್ದರು. ಕತ್ತಿಗಳ ರಾಶಿ ಹತ್ತೇ ಮಾರು ದೂರದಲ್ಲಿತ್ತು. ಅದಕ್ಕೆ ಒಬ್ಬ ಕಾವಲುಗಾರನೂ ಇರಲಿಲ್ಲ. ಕಾವಲಿಗೆ ಕದುರನ ತಮಟೆಯೇ ಸಾಕಾಗಿತ್ತು.

ಮೂರನೆಯವನು ಮುದ್ದೀರ, ಎಲ್ಲರಿಗಿಂತ ಹಿರಿಯ. ಬೆರಳು ಹೋದ ಕೈಯನ್ನು ಎದೆಗೆ ಒತ್ತಿಕೊಂಡು ಕೂಗಿದ: "ಲೇ ಕದುರಾ! ಯಾರ ಮದುವೆಗೆ ಬಾರಿಸ್ತಾ ಇದ್ದೀಯೋ? ನಮ್ಮ ತಿಥಿಗೇನೋ?"

ಕದುರ ದಳವಾಯಿಯ ಕಡೆ ನೋಡಿದ. "ಬುದ್ಧೀ, ತೊಗಲು ಸಡಿಲಾಗೈತೆ. ಒಂದು ಗಳಿಗೆ ಬೆಂಕಿಗೆ ಹಿಡಿದು ಕಾಯಿಸ್ಕೊಂತೀನಿ," ಎಂದ. ತಮಟೆಯವರೆಲ್ಲ ಮಾಡುವ ಕೆಲಸ ಅದು.

ದಳವಾಯಿ ನಕ್ಕ. "ನನ್ನ ಹತ್ತಿರವೇ ಆಟವೇನೋ? ಬೊದಬೊದ ಅಂದರೂ ಸರಿ, ಹಾಗೇ ಬಾರಿಸು."

ನಾಲ್ಕನೆಯವನನ್ನು ಎಳೆದು ತಂದರು. ಹದಿನೆಂಟರ ಹುಡುಗ, ಮೊನ್ನೆ ಮೊನ್ನೆ ಮರ ಹತ್ತಲು ಕಲಿತವನು. ಅವನ ಬೆರಳನ್ನು ಕಲ್ಲಿಗೆ ಒತ್ತಿದರು. ಆಗ ಕದುರ ತಮಟೆಯನ್ನು ಎರಡೂ ಕೈಯಲ್ಲಿ ಎತ್ತಿ, ತನ್ನ ಗಂಟಲಿಗೆ ಹಿಡಿದಿದ್ದ ಕತ್ತಿಯ ಮೊನೆಗೇ ಬಲವಾಗಿ ಒತ್ತಿದ. ತೊಗಲು ಸೀಳಿ ಕತ್ತಿ ಆಚೆ ಬಂತು. ದಳವಾಯಿ ಕತ್ತಿಯನ್ನು ಕಿತ್ತುಕೊಂಡು ಮೊದಲು ಅವನ ಕೈಗಳನ್ನು ಕಡಿದ, ಆಮೇಲೆ ಕತ್ತನ್ನು.

ತಮಟೆ ನಿಂತಿತು, ಆಣೆಯೂ ಮುಗಿಯಿತು. ಸೈನಿಕರಿಗೆ ಏನಾಯಿತೆಂದು ತಿಳಿಯುವ ಮೊದಲೇ ರಾಶಿಯಲ್ಲಿ ಒಂದು ಕತ್ತಿಯೂ ಉಳಿದಿರಲಿಲ್ಲ. ಉಗುರಿನಷ್ಟು ತೆಳ್ಳಗೆ ಮರ ಕೆತ್ತುವ ಕೈಗಳು ಅಂದು ಮೊಣಕಾಲಿನ ನರ ಕಡಿದವು, ಹೊಟ್ಟೆ ಸೀಳಿದವು. ಹೆಂಡದ ಜೊತೆ ರಕ್ತ ಸೇರಿ ಬಂಡೆಯ ಕುಳಿಗಳು ತುಂಬಿದವು ಎನ್ನುತ್ತಾರೆ. ದಳವಾಯಿ ಓಡಿಹೋಗಿ ಈಚಲು ಮರವೊಂದನ್ನು ಅಪ್ಪಿ ಹತ್ತಿದ. ಸೊಂಟಕ್ಕೆ ಹಗ್ಗವಿಲ್ಲದೆ ಆ ಮರದಲ್ಲಿ ಯಾರು ನಿಲ್ಲುತ್ತಾರೆ? ಜಾರಿ ಬಿದ್ದವನನ್ನು ಮುದ್ದೀರ ಎಡಗೈಯಲ್ಲಿ ಮುಗಿಸಿದ. ನಲವತ್ತರಲ್ಲಿ ಒಬ್ಬನೂ ಕೋಟೆಗೆ ಮರಳಲಿಲ್ಲ. ವನದ ಮಾತನ್ನು ಪಾಳೆಯಗಾರ ಮತ್ತೆ ಎತ್ತಲಿಲ್ಲ. ಅದೇ ವಾರ ಕದುರನ ಹೆಂಡತಿ ಹೆಣ್ಣು ಹೆತ್ತಳು. ಆ ಮಗುವಿಗೆ ಹದಿನಾಲ್ಕು ಹಳ್ಳಿಯವರೂ ಒಂದೊಂದು ಮರ ಬಿಟ್ಟುಕೊಟ್ಟರು.

ಕೋಟೆಯವರು ದಳವಾಯಿಗೆ ವೀರಗಲ್ಲು ನಿಲ್ಲಿಸಿದರು, ಅದು ಬಂಡೆಯ ಪಕ್ಕದಲ್ಲಿ ಈಗಲೂ ಇದೆ. ಅದರ ಕೆತ್ತನೆಯಲ್ಲಿ, ಕೊಲ್ಲಲು ಬಂದವನನ್ನು ಅಪ್ಸರೆಯರು ಸ್ವರ್ಗಕ್ಕೆ ಒಯ್ಯುತ್ತಿದ್ದಾರೆ. ಕದುರನಿಗೆ ಕಲ್ಲಿಲ್ಲ. ಆದರೆ ಭಾನುವಾರ ನಡುಮಧ್ಯಾಹ್ನ ಎಲ್ಲ ತಮಟೆಗಳೂ ಒಮ್ಮೆಲೇ ನಿಲ್ಲುತ್ತವೆ. ಈಡಿಗರು ಬುಡಕ್ಕೆ ಇಳಿದು, ಇಂದಿಗೂ ಅಲ್ಲಿ ರಾಶಿ ಹಾಕುವ ಕತ್ತಿಗಳನ್ನು ಎತ್ತಿಕೊಳ್ಳುತ್ತಾರೆ. ಹೊರಗಿನಿಂದ ಬಂದವರು ಕಾರ್ಯಕ್ರಮ ಮುಗಿಯಿತೆಂದು ಚಪ್ಪಾಳೆ ತಟ್ಟುತ್ತಾರೆ. ತಟ್ಟಬೇಡಿ. ಅಲ್ಲಿ ಒಬ್ಬನ ಕೈಗಳು ಬಿದ್ದಿವೆ.