ಎತ್ತಿನ ಬಾಯಿಗೆ ಕುಕ್ಕೆ

ಸುಗ್ಗಿಯ ಕಣದಲ್ಲಿ ರಾಗಿ ತುಳಿಯಲು ಬಂದ ಕೆಂಚನೆಂಬ ಎತ್ತಿನ ಬಾಯಿಗೆ ಯಜಮಾನ ಬಿದಿರಿನ ಕುಕ್ಕೆ ಕಟ್ಟಿದ.

"ಊರಲ್ಲಿ ಗಂಟಲುಬೇನೆ ಹಬ್ಬಿದೆ. ಯಜಮಾನರ ಅಪ್ಪಣೆ, ನಿನ್ನ ಒಳ್ಳೆಯದಕ್ಕೇ," ಎಂದಿತು ಕುಕ್ಕೆ.

ಕೆಂಚ ಅರೆಮನಸ್ಸಿನಿಂದ ಒಪ್ಪಿ, ಕಾಲಡಿಯ ತೆನೆಗೆ ನಾಲಿಗೆ ಚಾಚಲೂ ಆಗದೆ ಮೂರು ದಿನ ಸುತ್ತಿದ. ರಾಶಿಯೆಲ್ಲ ಮನೆ ಸೇರಿ ಕಣದಲ್ಲಿ ಬರೀ ಹುಲ್ಲು ಉಳಿದ ಮೇಲೆ ಯಜಮಾನ ಕುಕ್ಕೆ ಬಿಚ್ಚಿ ಗೂಟಕ್ಕೆ ನೇತುಹಾಕಿದ.

"ಬೇನೆ ಹೋಯಿತೇ?" ಎಂದು ಕೆಂಚ ಕೇಳಿದ.

"ಹೋಯಿತು."

"ರಾಗಿಯ ಜೊತೆಗೇ ಹೋಯಿತೋ?"



ಮಳೆಗಾಲದಲ್ಲಿ ಬೇನೆ ನಿಜವಾಗಿಯೇ ಬಂತು. ಪಕ್ಕದ ಕೊಟ್ಟಿಗೆಯ ಹೋರಿ ಮಲಗಿದ್ದು ಏಳಲೇ ಇಲ್ಲ.

"ಕೆಂಚಣ್ಣಾ, ಈ ಸಲ ಸುಳ್ಳಲ್ಲ, ಮೂತಿ ಕೊಡು," ಎಂದು ಕುಕ್ಕೆ ಅಂಗಲಾಚಿತು.

ಕೆಂಚ ಮುಖ ತಿರುಗಿಸಿ ಕೊಟ್ಟಿಗೆಯ ಮೂಲೆಮೂಲೆ ಮೂಸಿದ. "ಕೊಡೋಣ. ಮೊದಲು ರಾಶಿ ಎಲ್ಲಿ ಬಚ್ಚಿಟ್ಟಿದ್ದೀರಿ, ಅದನ್ನು ಹೇಳು."